ಕೋಟೆಯೊಳಗಿನ ಸೆಕೆ

1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಕಾವೇರಿ ದಾಟಿ ಶ್ರೀರಂಗಪಟ್ಟಣ ದ್ವೀಪದ ಮೂಡಣ ಭಾಗಕ್ಕೆ ನುಗ್ಗಿತು. ದ್ವೀಪದ ಆ ತುದಿಯಲ್ಲಿ ಲಾಲ್‌ಬಾಗ್ ಇತ್ತು. ಬೆಂಗಳೂರಿನ ಲಾಲ್‌ಬಾಗ್ ಎಲ್ಲರಿಗೂ ಗೊತ್ತು. ನಮ್ಮೂರಿನದು ಹೈದರಾಲಿಯ ಗುಂಬಜ್ ಇರುವ ತೋಟ. ಮುತ್ತಿಗೆ ಹಾಕಿದವರಿಗೆ ಮಣ್ಣಿನ ದಿಬ್ಬ ನಿಲ್ಲಿಸಲು ಕೊಂಬೆಗಳ ಹೊರೆ, ಹೆಣೆದ ಬುಟ್ಟಿ ರಾಶಿಗಟ್ಟಲೆ ಬೇಕಿತ್ತು. ತೋಟದ ಸಾಲುಮರಗಳಿಗೆ, ಅದರಲ್ಲೂ ನೆಟ್ಟಗೆ ಬೆಳೆದಿದ್ದ ಸೈಪ್ರಸ್ ಮರಗಳಿಗೆ ಕೊಡಲಿ ಬಿತ್ತು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಮಾರ್ಚ್‌ನಲ್ಲಿ ಒಪ್ಪಂದವಾಗಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಇವಿಷ್ಟನ್ನೂ ನಾವು ಶಾಲೆಯಲ್ಲಿ ಕಲಿತಿದ್ದೇವೆ, ಕಲಿಸಿದ್ದೇವೆ. ಆ ವರ್ಷದ ಬೇಸಿಗೆಯಲ್ಲಿ ನೆರಳು ಕಳೆದುಕೊಂಡ ದ್ವೀಪದ ಹವೆ ಏನಾಯಿತು ಎಂದು ಮಾತ್ರ ಯಾವ ಪಾಠದಲ್ಲೂ ಬರುವುದಿಲ್ಲ.

ನಾನು ಹುಟ್ಟಿದ್ದು ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಹೇಮಗಿರಿ ನಾಲೆಯ ಬಯಲಿನ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಬಂದದ್ದು ಶ್ರೀರಂಗಪಟ್ಟಣದ ಕೋಟೆಯೊಳಕ್ಕೆ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದೆ. ತವರಿನಲ್ಲಿ ಬೇಸಿಗೆಯ ರಾತ್ರಿ ಜಗುಲಿಯ ಮೇಲೆ ಚಾಪೆ ಹಾಸಿದರೆ ಸರಿಹೊತ್ತಿಗೆ ಹೊದಿಕೆ ಬೇಕಾಗುತ್ತಿತ್ತು. ಗಂಡನ ಮನೆಯಲ್ಲಿ ನದಿಗೆ ಕೂಗಳತೆಯಲ್ಲಿದ್ದೂ ಗೋಡೆ ಬೆಳಗಿನ ಜಾವದವರೆಗೆ ಬಿಸಿ ಉಸಿರು ಬಿಡುತ್ತಿತ್ತು. ಎರಡು ಊರುಗಳ ನಡುವೆ ದೂರ ಹೆಚ್ಚಿಲ್ಲ, ಮಳೆಯ ಲೆಕ್ಕದಲ್ಲೂ ಭಾರಿ ವ್ಯತ್ಯಾಸವಿಲ್ಲ. ಈ ಸೆಕೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನಮ್ಮ ಸೀಮೆಯ ಇತಿಹಾಸವೇ ಬೇರೆ ಕ್ರಮದಲ್ಲಿ ಕಾಣತೊಡಗಿತು. ಊರಿನ ಹವೆ ಮೇಲಿನಿಂದ ಬರುವುದರಷ್ಟೇ ಊರವರ ಕೈಯಿಂದಲೂ ಆಗುತ್ತದೆ. ಇಲ್ಲಿ ರಾಜರು, ದಂಡನಾಯಕರು, ಎಂಜಿನಿಯರುಗಳು, ಪುರಸಭೆಗಳು ಊರನ್ನು ಹೊಸದು ಮಾಡಿದಾಗಲೆಲ್ಲ ಹವೆಯೂ ಬದಲಾಗಿದೆ. ಮಾಡಿದವರ ಲೆಕ್ಕದಲ್ಲಿ ಮಾತ್ರ ಅದು ಸೇರಿಲ್ಲ.

ಶ್ರೀರಂಗಪಟ್ಟಣ ಮೊದಲಿಗೆ ದೇವರ ಊರು. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬ ಅಧಿಕಾರಿ ರಂಗನಾಥನಿಗೆ ಗುಡಿ ಕಟ್ಟಿದ. 1454ರಲ್ಲಿ ನಾಗಮಂಗಲದ ತಿಮ್ಮಣ್ಣ ಹೆಬ್ಬಾರ ವಿಜಯನಗರದ ಅಪ್ಪಣೆ ಪಡೆದು ಕೋಟೆ ಎಬ್ಬಿಸಿದ. ಕಳಸವಾಡಿಯ 101 ಜೈನ ಬಸದಿಗಳನ್ನು ಕೆಡವಿ ಆ ಕಲ್ಲಿನಿಂದ ರಂಗನಾಥನ ಗುಡಿಯನ್ನು ಹಿಗ್ಗಿಸಿದನೆಂದು ಹೇಳುತ್ತಾರೆ. ಒಂದು ಊರನ್ನು ಒಡೆದು ಇನ್ನೊಂದನ್ನು ಕಟ್ಟುವ ಕೆಲಸ ಈ ಸೀಮೆಯಲ್ಲಿ ಅಷ್ಟು ಹಳೆಯದು. ಆದರೆ ದ್ವೀಪದ ಹವೆಯನ್ನು ನಿಜವಾಗಿ ಕಟ್ಟಿದ್ದು ಕಂಠೀರವ ನರಸರಾಜ ಒಡೆಯರ ಕಾಲದ, ಅಂದರೆ 1638ರಿಂದ 1659ರ ನಡುವಿನ ಬಂಗಾರದೊಡ್ಡಿ ನಾಲೆ ಎಂಬುದು ನನ್ನ ನಂಬಿಕೆ. ಕಾವೇರಿಗೆ ಕಟ್ಟೆ ಹಾಕಿ, ನೀರನ್ನು ತಿರುಗಿಸಿ, ನದಿಯ ದಕ್ಷಿಣದ ಕವಲಿನ ಮೇಲೆಯೇ ಕಲ್ಲಿನ ಮೇಲ್ಗಾಲುವೆ ಕಟ್ಟಿ ದ್ವೀಪದೊಳಕ್ಕೆ ತಂದರು. ಹೊಳೆಯ ಮೇಲೆ ಇನ್ನೊಂದು ಹೊಳೆ ಹರಿಸಿದ ಕೆಲಸ ಅದು. ಇವತ್ತಿಗೂ ಅದು ನಿಂತಿದೆ. ಪ್ರವಾಸಿಗರ ಬಸ್ಸುಗಳು ಅದರ ಕಡೆ ತಿರುಗುವುದೇ ಇಲ್ಲ ಎಂಬುದು ನನಗೆ ಸದಾ ಇರುವ ನೋವು.

ಸುತ್ತ ನದಿಯೇ ಇರುವಾಗ ನಾಲೆ ಏಕೆ ಬೇಕಿತ್ತು ಎಂದು ಮಕ್ಕಳು ಕೇಳುತ್ತಿದ್ದರು. ಕಾವೇರಿ ಇಲ್ಲಿ ಬಂಡೆಗಳ ನಡುವೆ ತಗ್ಗಿನಲ್ಲಿ ಹರಿಯುತ್ತಾಳೆ, ದ್ವೀಪದ ನೆಲ ಎತ್ತರದಲ್ಲಿದೆ. ನೀರು ಕಣ್ಣಿಗೆ ಕಂಡರೂ ಬೇರಿಗೆ ಸಿಗುವುದಿಲ್ಲ. ನಾಲೆ ಬಂದ ಮೇಲೆ ಗದ್ದೆ, ತೋಟ, ಕೊಳ ಎಲ್ಲ ಬಂದವು. ಮುಂದೆ ಹೈದರ್, ಟಿಪ್ಪು ಮಾಡಿದ ಲಾಲ್‌ಬಾಗ್, 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ತೋಟ, ದ್ವೀಪದ ಮೇಲಿನ ಗಂಜಾಂ ಪೇಟೆಯ ಹೆಸರಾಂತ ಅಂಜೂರ, ಇವೆಲ್ಲ ಆ ನೆಲದ ಮೇಲೆಯೇ ಬೆಳೆದವು. ಎಲೆ ನೀರನ್ನು ಆವಿ ಮಾಡುವಾಗ ಸುತ್ತಲಿನ ಶಾಖವನ್ನು ತೆಗೆದುಕೊಳ್ಳುತ್ತದೆ. ಒಂದು ಲೀಟರ್ ತಣ್ಣೀರನ್ನು ಕುದಿಸಲು ಎಷ್ಟು ಶಾಖ ಬೇಕೋ ಅದರ ಐದು ಪಟ್ಟಿಗೂ ಹೆಚ್ಚು ಶಾಖ ಅದೇ ನೀರು ಪೂರ್ತಿ ಆವಿಯಾಗಲು ಬೇಕು. ಅಷ್ಟು ಶಾಖ ಗೋಡೆಗೂ ಬೀದಿಗೂ ಸೇರದೆ ಗಾಳಿಯಲ್ಲಿ ಹೋಗಿಬಿಡುತ್ತದೆ. ದರಿಯಾ ದೌಲತ್ ಕಟ್ಟಿದವರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಅದರ ಫಲ ಗೊತ್ತಿತ್ತು. ತೇಗದ ಕಂಬ, ಸುತ್ತಲೂ ಅಗಲವಾದ ಪಡಸಾಲೆ, ನೆರಳು ದಾಟದ ಗೋಡೆ, ಹೊರಗೆ ಮರ, ಅದರಾಚೆ ಹೊಳೆ. ಮೇ ತಿಂಗಳ ಮಧ್ಯಾಹ್ನ ಕೋಟೆಯ ಬಸ್ ನಿಲ್ದಾಣದಿಂದ ಅಲ್ಲಿಗೆ ನಡೆದು ಹೋಗಿ ಒಂದು ಗಳಿಗೆ ಕುಳಿತವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಟಿಪ್ಪುವಿನ ಕಾಲದಲ್ಲಿ ಈ ಸೀಮೆ ಕಂಡಷ್ಟು ಒಡೆದು ಕಟ್ಟುವಿಕೆ ಮತ್ತೆ ಇನ್ನೂರು ವರ್ಷ ಕಂಡಿರಲಾರದು. ಮೈಸೂರಿನ ಹಳೇ ಕೋಟೆ-ಪೇಟೆಯನ್ನು ಕೆಡವಿಸಿ ಆ ಕಲ್ಲಿನಲ್ಲಿ ಪಕ್ಕದಲ್ಲೇ ನಜರ್‌ಬಾದ್ ಕಟ್ಟಲು ಹೊರಟ. 1799ರಲ್ಲಿ ಟಿಪ್ಪು ಬಿದ್ದ ನಂತರ ಅದೇ ಕಲ್ಲು ವಾಪಸು ಮೈಸೂರಿಗೆ ಹೋಯಿತು. ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದು ಗಂಜಾಂ ತುಂಬಿಸಿದರೆಂದು ಹಳೆಯ ಗ್ಯಾಸೆಟಿಯರ್ ಹೇಳುತ್ತದೆ. ಕೋಟೆಯೊಳಗೆ ದಂಡು, ಮದ್ದಿನ ಮನೆ, ಕಾರ್ಖಾನೆ. ಟಿಪ್ಪುವಿನ ಕಾಲದಲ್ಲಿ ದ್ವೀಪದ ಮೇಲೆ ಒಂದೂವರೆ ಲಕ್ಷ ಜನರಿದ್ದರೆಂದು ಇಂಗ್ಲಿಷ್ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ. 1800ರಲ್ಲಿ ಆತ ಬಂದಾಗ ಉಳಿದಿದ್ದವರು ಸುಮಾರು 32,000. ಓಣಿಗಳು ಇಕ್ಕಟ್ಟು, ಗೊಂದಲ. ಸರದಾರರ ಮನೆಗಳು ಅವರ ರೀತಿಗೆ ಚೆನ್ನಾಗಿದ್ದರೂ ಯುರೋಪಿನವರಿಗೆ ಸೆಕೆಯವು, ಅನುಕೂಲವಿಲ್ಲದವು ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಈ ಊರಿನ ಮನೆಯೊಳಗಿನ ಸೆಕೆಯ ಬಗ್ಗೆ ನಾನು ಓದಿದ ಮೊದಲ ಸಾಕ್ಷಿ ಅದು. ಎತ್ತರದ ಕೋಟೆಗೋಡೆ ಗಾಳಿ ತಡೆಯುತ್ತದೆ, ಒತ್ತೊತ್ತಾದ ಮಣ್ಣು-ಕಲ್ಲಿನ ಮನೆಗಳು ಹಗಲಿನ ಶಾಖ ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತವೆ. ಊರಿನ ಇಂಥ ಸೆಕೆಯನ್ನು ಮೊದಲು ಲೆಕ್ಕವಿಟ್ಟು ತೋರಿಸಿದವನು ಲಂಡನ್ನಿನ ಲ್ಯೂಕ್ ಹೋವರ್ಡ್. ಊರಿನ ರಾತ್ರಿ ಸುತ್ತಲಿನ ಹೊಲಗಳ ರಾತ್ರಿಗಿಂತ ಬೆಚ್ಚಗಿರುತ್ತದೆ ಎಂದು ತೋರಿಸಿದ ಆತನ ಪುಸ್ತಕ ಬರಲು 1818 ಆಗಬೇಕಾಯಿತು.

ಟಿಪ್ಪುವನ್ನು ಗೆದ್ದ ಇಂಗ್ಲಿಷರು ಹೆದರಿದ್ದು ಸೆಕೆಗಲ್ಲ, ಜ್ವರಕ್ಕೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅಲ್ಲಿ ಇಳಿದುಕೊಂಡ ದಂಡು ಮಳೆಗಾಲ ಬಂತೆಂದರೆ ಚಳಿಜ್ವರದಲ್ಲಿ ಮಲಗುತ್ತಿತ್ತು. ಹೊಳೆಯ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಗೋರಿಗಳ ಸಾಲೇ ಇದೆ. ಟಿಪ್ಪುವಿನ ಮೇಲೆ ಇಂಗ್ಲಿಷರಿಗಾಗಿ ಕಾದಿದ ಸ್ವಿಟ್ಜರ್‌ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಅಲ್ಲಿದ್ದಾರೆ. ಅವರಲ್ಲಿ ಹಲವರಿಗೆ ಯುದ್ಧಕ್ಕಿಂತ ಈ ದ್ವೀಪದ ಮಳೆಗಾಲವೇ ಮುಳುವಾಯಿತು. ಆ ಕಾಲದ ವೈದ್ಯರ ನಂಬಿಕೆ ಒಂದೇ: ಒದ್ದೆ ನೆಲದಿಂದ, ಕೊಳೆಯುವ ಎಲೆಯಿಂದ ಕೆಟ್ಟ ಆವಿ ಏಳುತ್ತದೆ, ಆ ಗಾಳಿ ಕುಡಿದವನಿಗೆ ಜ್ವರ ಹತ್ತುತ್ತದೆ. ಆದ್ದರಿಂದ ಊರಿನ ಹವೆಯೇ ಕೆಟ್ಟದ್ದು ಎಂದು ತೀರ್ಮಾನವಾಯಿತು. 1809ರಲ್ಲಿ ಬೆಂಗಳೂರಿನಲ್ಲಿ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿ, ದಂಡುಪ್ರದೇಶ ಎದ್ದಿತು. ಒಂದೆರಡು ವರ್ಷಗಳಲ್ಲಿ ದಂಡು ಅಲ್ಲಿಗೆ ಹೋಯಿತು. ಬೆಂಗಳೂರು ಬೆಳೆದ ಕಥೆಯಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೊಂದು ಪಾಲಿದೆ. ರಾಜಧಾನಿ ಮೈಸೂರಿಗೆ, ದಂಡು ಬೆಂಗಳೂರಿಗೆ ಹೋದ ಮೇಲೆ ಲಾಲ್‌ಮಹಲ್ ಅರಮನೆಯನ್ನು ಬಿಚ್ಚಿದರು. ಅದರ ತೊಲೆಗಳು ಉದಕಮಂಡಲದ ಬೆಟ್ಟ ಹತ್ತಿ 1830ರ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿಗೆ ಸೇರಿದವು. ತಂಪು ಹುಡುಕಿಕೊಂಡು ಹೋದವರು ನಮ್ಮೂರಿನ ಮರವನ್ನೂ ಜೊತೆಗೆ ಒಯ್ದರು.

ಪಾಂಡವಪುರದ ಕಥೆ ಚಿಕ್ಕದು, ಇದೇ ಜಾಡಿನದು. ಹಿರೋಡೆ ಎಂಬ ಹಳ್ಳಿಯ ಬಂಡೆಗುಡ್ಡಗಳ ಬಳಿ ಹೈದರ್-ಟಿಪ್ಪುವಿನ ಕೈಕೆಳಗಿನ ಫ್ರೆಂಚರು ಬೀಡುಬಿಟ್ಟಿದ್ದರಿಂದ ಅದು ಫ್ರೆಂಚ್ ರಾಕ್ಸ್ ಆಯಿತು; ಅದೇ ಈಗಿನ ಪಾಂಡವಪುರ. ಗದ್ದೆಗಳಿಂದ ದೂರ, ಎತ್ತರದ ಒಣನೆಲ, ಗಾಳಿ ಆಡುವ ಜಾಗ. ಇಂಗ್ಲಿಷರೂ ಅಲ್ಲಿ ಬಹುಕಾಲ ಸಿಪಾಯಿಗಳನ್ನು ಇಟ್ಟರು. ಊರು ಎಲ್ಲಿ ಇರಬೇಕು ಎಂಬುದನ್ನು ಹವೆ ನೋಡಿ ಗೊತ್ತುಮಾಡುವ ಪದ್ಧತಿ ಆಗ ಇತ್ತು ಎಂಬುದಕ್ಕಾಗಿ ಇದನ್ನು ನೆನೆಯುತ್ತೇನೆ. ಈಗ ನಿವೇಶನದ ಬೆಲೆ ನೋಡಿ ಗೊತ್ತುಮಾಡುತ್ತೇವೆ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡ. ಕೆಟ್ಟ ಗಾಳಿಯ ಸಿದ್ಧಾಂತ ಅಂದೇ ಸತ್ತಿತು. ಆದರೆ ಮರುವರ್ಷವೇ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತು. 1891ರಲ್ಲಿ 12,551 ಇದ್ದ ಶ್ರೀರಂಗಪಟ್ಟಣದ ಜನಸಂಖ್ಯೆ 1901ಕ್ಕೆ 8,584ಕ್ಕೆ ಇಳಿಯಿತು. 1903ರಲ್ಲಿ ಮೈಸೂರು ನಗರಕ್ಕೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಅಗಲ ಬೀದಿ, ಉದ್ಯಾನ, ಸಾಲುಮರ ಹಾಕಿದ ಆ ಕೆಲಸದ ತಂಪನ್ನು ಮೈಸೂರಿನವರು ಇನ್ನೂ ಉಣ್ಣುತ್ತಿದ್ದಾರೆ. ಊರನ್ನು ಹೊಸದು ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಮಾಡಿದ ಸಾಕ್ಷಿ ಹದಿನೈದು ಕಿಲೋಮೀಟರ್ ಆಚೆಗೇ ಇದೆ.

ಅದೇ ಕಾಲದಲ್ಲಿ ದೇಶದ ಎಷ್ಟೋ ಪಟ್ಟಣಗಳಲ್ಲಿ ಸೊಳ್ಳೆಯ ಹೆಸರು ಹೇಳಿ ಕೆರೆ-ಕೊಳಗಳನ್ನು ಮುಚ್ಚತೊಡಗಿದ್ದರು. ಅದನ್ನು ಗಟ್ಟಿಯಾಗಿ ವಿರೋಧಿಸಿದವನು ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ಜೀವಶಾಸ್ತ್ರಜ್ಞ. ನಗರಯೋಜನೆಯ ಪ್ರದರ್ಶನಕ್ಕೆಂದು ಆತ ಕಳಿಸಿದ್ದ ನಕ್ಷೆ, ಚಿತ್ರಗಳ ಹಡಗನ್ನು 1914ರಲ್ಲಿ ಜರ್ಮನಿಯ ಯುದ್ಧನೌಕೆ ಎಂಡೆನ್ ಮುಳುಗಿಸಿತು; ಛಲ ಬಿಡದೆ ಮತ್ತೆ ಎಲ್ಲವನ್ನೂ ಕೂಡಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಸಿದ. ಊರೂರು ಸುತ್ತಿ ವರದಿ ಬರೆದ. ಕೊಳ ಮುಚ್ಚಬೇಡಿ, ಅದು ಊರಿನ ಗಾಳಿಯನ್ನು ತಂಪಾಗಿ ಇಡುತ್ತದೆ. ಸೊಳ್ಳೆಗೆ ಮೀನು ಬಿಡಿ, ಬಾತುಕೋಳಿ ಬಿಡಿ ಎಂಬುದು ಆತನ ವಾದದ ಸಾರ. ನೂರು ವರ್ಷ ಕಳೆದರೂ ನಮ್ಮ ಪುರಸಭೆಗಳಿಗೆ ಅದಕ್ಕಿಂತ ಒಳ್ಳೆಯ ಮಾತನ್ನು ಯಾರೂ ಹೇಳಿಲ್ಲ.

ಆ ಮಾತು ನಮ್ಮ ಸೀಮೆಯಲ್ಲಿ ಕಿವಿಗೆ ಬೀಳದಿರಲು ಒಂದು ಕಾರಣವಿತ್ತು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1931ರ ಹೊತ್ತಿಗೆ ಮುಗಿಯಿತು. ಹುಲಿಕೆರೆಯ ಸುರಂಗ ದಾಟಿ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಒಣಬಯಲಿಗೆ ನೀರು ತಂದಿತು. ರಾಗಿಯ ಹೊಲ ಭತ್ತದ ಗದ್ದೆಯಾಯಿತು, ಕಬ್ಬು ಬಂತು, 1933ಕ್ಕೆ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಹೊಗೆಗೊಳವೆ ಎದ್ದಿತು. ಜೊತೆಗೇ ಚಳಿಜ್ವರ ಬಂತು. ಸಂಸ್ಥಾನದ ಆರೋಗ್ಯ ಇಲಾಖೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಕೈಹಾಕಿತು. ಆ ಕೆಲಸದಲ್ಲಿದ್ದ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ಸಂಶೋಧಕರು 1937ರಲ್ಲಿ ಒಂದು ಸೊಳ್ಳೆ ಪ್ರಭೇದದ ಒಳಬಗೆಯೊಂದಕ್ಕೆ ಮೈಸೂರೆನ್ಸಿಸ್ ಎಂದೇ ಹೆಸರಿಟ್ಟರು. ನಾಗಮಂಗಲದ ಕಡೆಯ ನಮ್ಮಜ್ಜಿ ಹೇಳುತ್ತಿದ್ದಳು: 'ನಾಲೆ ಕಡೀಕೆ ಹೆಣ್ ಕೊಡಬ್ಯಾಡ್ರಪ್ಪ, ಅನ್ನ ಉಂಡು ನಡುಗ್ತಾ ಮನಿಕತಾರೆ.' ರಾಗಿ ಮುದ್ದೆಯ ಒಣಸೀಮೆಯ ತಾಯಂದಿರಿಗೆ ಅನ್ನದ ಸೀಮೆಯ ಮೇಲೆ ಆಸೆಯೂ ಇತ್ತು, ಭಯವೂ ಇತ್ತು. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಗೋಡೆಯ ಮೇಲೆ ಬಿಳಿ ಪುಡಿಯ ಕಲೆ, ಬಾಗಿಲ ಮೇಲೆ ಸಿಂಪಡಿಸಿದ ತಾರೀಖು, ಇವು ನನ್ನ ಬಾಲ್ಯದ ನೆನಪುಗಳು. ಜ್ವರ ಹೋಯಿತು. ನೀರಿನ ಮೇಲಿನ ಭಯ ಹೋಗಲಿಲ್ಲ. ನಿಂತ ನೀರು ಕಂಡರೆ ಮುಚ್ಚಬೇಕು ಎಂಬುದು ಆಡಳಿತದ ಬುದ್ಧಿಯಲ್ಲಿ ಕೂತುಬಿಟ್ಟಿತು. ಮುಚ್ಚಿದ ಜಾಗಕ್ಕೆ ಬೆಲೆ ಬಂದ ಮೇಲೆ ಅದು ಇನ್ನೂ ಗಟ್ಟಿಯಾಯಿತು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು ಎಲ್ಲರಿಗೂ ತಿಳಿದ ಕಥೆ. ತಾಲ್ಲೂಕು ಕೇಂದ್ರಗಳ ಕಟ್ಟೆ, ಕುಂಟೆ, ಗೋಕಟ್ಟೆಗಳ ಕಥೆಗೆ ಹೇಳುವವರೇ ಇಲ್ಲ.

ಇನ್ನು ಮನೆಗಳ ಮಾತು. ನಾನು ಕೋಟೆಗೆ ಬಂದಾಗ ನಮ್ಮ ಬೀದಿಯಲ್ಲಿ ಬಹುಪಾಲು ನಾಡಹೆಂಚಿನ ಮನೆಗಳು, ಕೆಲವು ಮಂಗಳೂರು ಹೆಂಚಿನವು, ಉಳ್ಳವರದು ತೊಟ್ಟಿಮನೆ. ತೊಟ್ಟಿಯಲ್ಲಿ ಬಿಸಿಗಾಳಿ ಮೇಲಕ್ಕೆ ಹೋಗಿ ಬಾಗಿಲಿನಿಂದ ತಂಪುಗಾಳಿ ಒಳಗೆ ಬರುತ್ತದೆ. ಹೆಂಚಿನ ಸಂದಿಯಲ್ಲಿ ಮಾಡು ಉಸಿರಾಡುತ್ತದೆ. ಮಣ್ಣಿನ ದಪ್ಪ ಗೋಡೆಯೂ ಶಾಖ ಹಿಡಿಯುತ್ತದೆ, ಆದರೆ ಬಿಸಿಲು ಒಳಮುಖ ಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತದೆ, ಆಗ ಬಾಗಿಲು ತೆರೆದಿರುತ್ತದೆ. ಹಿತ್ತಿಲಲ್ಲಿ ಬಾವಿ, ನುಗ್ಗೆ, ಕರಿಬೇವು, ಬಟ್ಟೆ ಒಗೆದ ನೀರು ಹೋಗುವ ಬಾಳೆ. ನಾವು ಹೆಂಚು ಇಳಿಸಿ ಆರ್‌ಸಿಸಿ ಹಾಕಿಸಿದಾಗ ನಮ್ಮತ್ತೆ ಬಹಳ ಸಂತೋಷಪಟ್ಟರು. ಪ್ರತಿ ಮಳೆಗಾಲದಲ್ಲಿ ಕೈಹೆಂಚು ಮಗುಚಿ ಹಾಕಿಸುವ ಖರ್ಚು, ಕೋತಿಗಳ ಕಾಟ, ಸೋರುವ ಗೋಡೆ, ಇವುಗಳಿಂದ ಬಿಡುಗಡೆ ಸಿಕ್ಕಿತೆಂದು. ಆ ಸಂತೋಷ ನ್ಯಾಯವಾದದ್ದು. ಬಡವರು ಸೋರುವ ಮನೆಯಲ್ಲೇ ಇರಲಿ ಎಂದು ಹವೆಯ ಹೆಸರಿನಲ್ಲಿ ಹೇಳುವವರ ಜೊತೆ ನಾನಿಲ್ಲ. ಆದರೆ ಬೀದಿಯ ಮನೆಗಳೆಲ್ಲ ಒಂದೊಂದಾಗಿ ಬದಲಾಗುವಾಗ ಹಿತ್ತಿಲು ಬಾಡಿಗೆ ಕೋಣೆಯಾಯಿತು, ಬಾವಿ ಮುಚ್ಚಿತು, ಮಣ್ಣಿನ ಓಣಿಗೆ ಕಾಂಕ್ರೀಟ್ ಬಿತ್ತು. ಒಬ್ಬೊಬ್ಬರ ಅನುಕೂಲ ಸೇರಿ ಎಲ್ಲರ ಸೆಕೆಯಾಯಿತು. ಅತ್ತೆ ತಮ್ಮ ಕೊನೆಯ ಬೇಸಿಗೆಗಳಲ್ಲಿ ತಾರಸಿಯ ಮೇಲೆ ನೀರು ಹೊಯ್ಸಿ, ಅದು ಆರಿದ ಮೇಲೆ ಮಲಗಲು ಹೋಗುತ್ತಿದ್ದರು.

ತರಗತಿಯ ಮಕ್ಕಳ ಕೈಗೆ ಉಷ್ಣಮಾಪಕ ಕೊಟ್ಟು ಒಂದೇ ಮಧ್ಯಾಹ್ನದಲ್ಲಿ ಗುಡಿಯ ಮುಂದಿನ ಹಾಸುಗಲ್ಲು, ಬಸ್ ನಿಲ್ದಾಣದ ಕಾಂಕ್ರೀಟು, ಕೋಟೆಯ ಕಂದಕದ ದಡದ ಹುಣಸೆಮರದ ಬುಡ, ಗಂಜಾಮಿನ ನಾಲೆಯ ಏರಿ ಸುತ್ತಿಸುತ್ತಿದ್ದೆ. ಪ್ರತಿ ಸಲವೂ ಹುಡುಗರು ನಾಲೆಯ ಏರಿಯನ್ನು ಬಿಟ್ಟು ಬರಲು ಒಪ್ಪುತ್ತಿರಲಿಲ್ಲ. ಪಾದರಸ ಹೇಳುವುದಕ್ಕೆ ಮೊದಲೇ ಅವರ ಪಾದ ಹೇಳಿಬಿಡುತ್ತಿತ್ತು.

2017ರಲ್ಲಿ ಜೋಡಿ ರೈಲುಹಳಿಗೆ ಅಡ್ಡ ಬಂದ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿ ಇಟ್ಟರು. ಇಟ್ಟಿಗೆ-ಗಾರೆಯ ಆ ಹಳೆಯ ಕಟ್ಟಡ ಒಂದು ಬಿರುಕೂ ಬಿಡದಂತೆ ಸಾಗಲಿ ಎಂದು ಊರೇ ನಿಂತು ನೋಡಿತು, ನಾನೂ ನೋಡಿದೆ, ಹೆಮ್ಮೆಪಟ್ಟೆ. ಬೆಂಗಳೂರು-ಮೈಸೂರು ಹೆದ್ದಾರಿ ಅಗಲವಾಗುತ್ತಾ ಹೋಗಿ 2023ರ ಮಾರ್ಚ್ 12ರಂದು ಹೊಸ ದಶಪಥ ಉದ್ಘಾಟನೆಯಾಗುವವರೆಗಿನ ವರ್ಷಗಳಲ್ಲಿ ಹಳೆಯ ರಸ್ತೆಯ ಇಕ್ಕೆಲದ ಆಲ, ಹುಣಸೆಗಳು ಹೋದವು. ಅವುಗಳನ್ನು ಸರಿಸಿ ಇಡಬೇಕೆಂಬ ಯೋಚನೆ ಅದೇ ಪ್ರಮಾಣದಲ್ಲಿ ಯಾರಿಗೂ ಬರಲಿಲ್ಲ. ಕಲ್ಲಿಗೆ ಇತಿಹಾಸವಿದೆ ಎಂದು ನಾವು ಕಲಿತಿದ್ದೇವೆ. ನಾಲೆಗೆ, ಮರಕ್ಕೆ, ಹಿತ್ತಿಲಿಗೆ ಇತಿಹಾಸವಿದೆ ಎಂದು ಕಾನೂನೂ ಒಪ್ಪಿಲ್ಲ, ನಾವೂ ಒಪ್ಪಿಲ್ಲ. ಅಣೆಕಟ್ಟೆಯ ಕೆಳಗಿನ ನಾಲೆಗಳನ್ನು ನವೀಕರಿಸುವಾಗ ಕಾಂಕ್ರೀಟಿನ ಲೈನಿಂಗ್ ಹಾಕುತ್ತಾರೆ. ನೀರು ಪೋಲಾಗದೆ ಕೊನೆಯ ಭಾಗದ ರೈತನಿಗೆ ತಲುಪಬೇಕು, ಅದು ಆಗಬೇಕಾದದ್ದೇ. ಆದರೆ ಬಸಿನೀರು ಕುಡಿದು ನಿಂತಿದ್ದ ಏರಿಯ ಹೊಂಗೆ, ಮತ್ತಿಗಳಿಗೆ ಇನ್ನು ನೀರೆಲ್ಲಿಂದ ಎಂದು ಅಂದಾಜುಪಟ್ಟಿಯಲ್ಲಿ ಒಂದು ಸಾಲಾದರೂ ಇರಬೇಕಲ್ಲವೆ? ಕೆರೆ ಅಭಿವೃದ್ಧಿ ಎಂದರೆ ಸುತ್ತ ಕಲ್ಲು ಕಟ್ಟಿ, ಇಂಟರ್‌ಲಾಕ್ ಹಾಸಿ, ದೀಪ ಹಾಕುವುದು ಎಂದಾಗಿದೆ. ಕಟ್ಟೆಗೆ ಹಾಸಿದ ಇಂಟರ್‌ಲಾಕ್ ಬಿಸಿಲಲ್ಲಿ ಕಾದು, ಕೆರೆ ಕೊಟ್ಟ ತಂಪನ್ನು ದಡದಲ್ಲೇ ಕಿತ್ತುಕೊಳ್ಳುತ್ತದೆ.

ನೀರು ಇದ್ದರೆ ಸಾಕು ಎಂದೂ ಅಲ್ಲ. ಗಾಳಿ ಆಡದ ಓಣಿಯಲ್ಲಿ ಆವಿ ತುಂಬಿದರೆ ಬೆವರು ಆರದೆ ಇನ್ನಷ್ಟು ಕಷ್ಟ. ಕೊಳೆತ ನೀರಾದರೆ ಜ್ವರ. ನಮ್ಮ ಹಿರಿಯರ ತಪ್ಪು ಅದೇ ಆಗಿತ್ತು. ಕಿಕ್ಕಿರಿದ ಕೋಟೆ, ಕೊಳೆ ನಿಂತ ಕಂದಕ, ಗೋಡೆ ತಡೆದ ಗಾಳಿ. ಹರಿಯುವ ನೀರು, ನಡುವೆ ಬಯಲು, ಗಾಳಿಯ ದಾರಿಗೆ ಅಡ್ಡ ಬಾರದ ಮರದ ಸಾಲು, ಇವು ಒಟ್ಟಿಗೆ ಇರಬೇಕು. ಬಂಗಾರದೊಡ್ಡಿ ನಾಲೆ, ದರಿಯಾ ದೌಲತ್ ತೋಟ, ಮೈಸೂರಿನ ಸಾಲುಮರದ ಬೀದಿ, ಈ ಮೂರನ್ನೂ ನೋಡಿದವರಿಗೆ ಇದಕ್ಕೆ ಹೊರದೇಶದ ಮಾದರಿ ಬೇಕಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕೂ ಊರುಗಳು ಈಗ ಬೆಳೆಯುತ್ತಿವೆ, ಬೆಳೆಯಲಿ. ನಿಮ್ಮ ವಾರ್ಡಿನಲ್ಲಿ ರಸ್ತೆ ಅಗಲೀಕರಣದ್ದೋ ಕೆರೆ ಅಭಿವೃದ್ಧಿಯದೋ ನಕ್ಷೆ ಬಂದಾಗ ಸಭೆಗೆ ಹೋಗಿ. ಎಷ್ಟು ಮರ ಹೋಗುತ್ತದೆ, ಎಷ್ಟು ಮಣ್ಣು ಉಳಿಯುತ್ತದೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹರಿಯುತ್ತದೆ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮನೆ ಕಟ್ಟುವವರು ಹಿತ್ತಿಲಿನಲ್ಲಿ ಒಂದು ಮರಕ್ಕೆ ಆಗುವಷ್ಟು ಮಣ್ಣನ್ನಾದರೂ ಬಿಡಿ.